ಹಾಲು ಕರೆಯುವ ಹೊತ್ತು

ಇರ್ಮೆಲಿ ತೋಲ್ವಾನೆನ್ ಎಂಬ ಹೆಂಗಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡು ಬರುವುದಿಲ್ಲ, ಇವಳಿಗೆ ಸುಳ್ಳು ಬರುತ್ತಿರಲಿಲ್ಲ, ಅಷ್ಟೇ. ಯುರೋಪಿನ ಬಡಗಣ ತುದಿಯ ನಮ್ಮ ಸವೋ ಸೀಮೆಯ ಜನ 'ಹೌದು' ಎನ್ನುವುದಕ್ಕೂ 'ಹೌದೋ ಏನೋ' ಎನ್ನುವವರು. ಕೇಳಿದವನೇ ಅರ್ಥ ಮಾಡಿಕೊಂಡು ಹೋಗಬೇಕು. ಇಂಥ ಕಡೆ ಇವಳು ಹೇಗೆ ಹುಟ್ಟಿದಳೋ, ನನಗೆ ಇವತ್ತಿಗೂ ಸೋಜಿಗ.

ನಾನು ಕೈಸು. ಇರ್ಮೆಲಿ ನರ್ಸಾಗಿದ್ದ ಮುದುಕರ ಆಸರೆ ಮನೆಯಲ್ಲೇ ನಾನು ಅಡುಗೆಮನೆಯವಳು. ಅಡುಗೆಮನೆಯವಳು ಅಂದರೆ ಅಡುಗೆ ಮಾಡುವವಳು ಎಂದುಕೊಳ್ಳಬೇಡಿ. ಪಟ್ಟಣದ ದೊಡ್ಡ ಅಡುಗೆಮನೆಯಿಂದ ಗಾಡಿಯಲ್ಲಿ ಬರುವ ಮೀನಿನ ಸಾರನ್ನು ಬಿಸಿ ಮಾಡಿ ಬಡಿಸುವುದು, ಕಾಫಿ ಇಳಿಸುವುದು, ನೆಲ ಒರೆಸುವುದು ನನ್ನ ಕೆಲಸ. "ಸಾರು ಚೆನ್ನಾಗಿದೆ ಕೈಸು, ನೀನೇ ಮಾಡಿದ್ದಾ?" ಎಂದು ಮುದುಕರು ಕೇಳಿದರೆ "ಮತ್ತೆ ಇನ್ಯಾರು?" ಎನ್ನುತ್ತೇನೆ. ಅವರಿಗೂ ಖುಷಿ, ನನಗೂ ಖುಷಿ. ಪಕ್ಕದಲ್ಲಿ ಇರ್ಮೆಲಿ ಇದ್ದರೆ ಮಾತ್ರ "ಗಾಡೀಲಿ ಬಂದಿದ್ದು" ಎಂದು ಬಿಡುತ್ತಾಳೆ.

ಒಮ್ಮೆ ಓಯ್ವಾ ಎಂಬ ಮುದುಕ, ಆಯುಷ್ಯವೆಲ್ಲ ಕಾಡಿನಲ್ಲಿ ಮರ ಕಡಿದವನು, ಹಾಸಿಗೆ ಹಿಡಿದು ಮಲಗಿದ್ದಾಗ ಅವಳನ್ನು ಕೇಳಿದ: "ಇರ್ಮೆಲಿ, ನಾನು ಸಾಯ್ತಾ ಇದೀನಾ?" ಬೇರೆ ಯಾರಾದರೂ ಆಗಿದ್ದರೆ ದಿಂಬು ಸರಿಪಡಿಸಿ "ಬಿಡ್ತು ಅನ್ನಿ" ಎನ್ನುತ್ತಿದ್ದರು. ಇವಳು ಅವನ ಪಾದ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ, "ಹೂಂ. ಈ ವಾರದಲ್ಲೇ ಅಂತ ಕಾಣತ್ತೆ" ಎಂದಳು. ಮುದುಕ "ಸದ್ಯ, ಒಬ್ರಾದ್ರೂ ಹೇಳಿದ್ರಲ್ಲ" ಎಂದು ಬಿಯರ್ ತರಿಸಿಕೊಂಡು ಕುಡಿದ. ಅಂದಾಜು ತಪ್ಪಿ ಅವನು ಇನ್ನೂ ಒಂದು ವಾರ ಜಗ್ಗಿದ. ಅದಕ್ಕೆ ಇವಳು ಮತ್ತೆ ಹೋಗಿ "ನಾನು ಹೇಳಿದ್ದು ತಪ್ಪಾಯ್ತು" ಎಂದಳು. ಇಂಥವಳ ಜೊತೆ ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ.

ನರ್ಸಾಗುವ ಮೊದಲು ಅವಳು ಕೊಟ್ಟಿಗೆಯವಳು. ಕಿಯುರುವೇಸಿ ಕಡೆ ಕೆರೆಯ ದಡದಲ್ಲಿ ಅವಳಿಗೂ ಗಂಡನಿಗೂ ಸಣ್ಣ ಹಿಡುವಳಿ, ಕೆಂಪು ಕೊಟ್ಟಿಗೆ, ಹತ್ತು ಹನ್ನೊಂದು ಹಸು. ದೇಶ ಯುರೋಪಿನ ಒಕ್ಕೂಟ ಸೇರಿದ ಮೇಲೆ ಹಾಲಿನ ಬೆಲೆ ಬಿತ್ತು. ಸಣ್ಣ ಕೊಟ್ಟಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಂಡ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸಲು ಹೋದ. ಇವಳು ಮೀಸೆ ಮೂಡದ ಹುಡುಗರ ಪಕ್ಕ ಬೆಂಚಿನ ಮೇಲೆ ಕುಳಿತು ಓದಿ ಪ್ರಾಕ್ಟಿಕಲ್ ನರ್ಸ್ ಆದಳು. ದೊಡ್ಡ ನರ್ಸುಗಳು ಔಷಧ, ಸೂಜಿ, ಡಾಕ್ಟರು ಎಂದು ಓಡಾಡುವವರು. ಮೈ ತೊಳೆಸುವುದು, ಡೈಪರ್ ಬದಲಿಸುವುದು, ಗಂಜಿ ತಿನ್ನಿಸುವುದು, ಬಟ್ಟೆಗೆ ಗುಂಡಿ ಹಾಕುವುದು ಇಂಥ ನರ್ಸುಗಳ ಪಾಲು. ಆ ವರ್ಷಗಳಲ್ಲಿ ನಮ್ಮ ಸೀಮೆಯ ಎಷ್ಟೋ ಹೆಂಗಸರು ಹೀಗೆಯೇ ಕೊಟ್ಟಿಗೆಯಿಂದ ಎದ್ದು ಆಸರೆ ಮನೆಗಳಿಗೆ ಬಂದರು. ನಮ್ಮಲ್ಲಿ ಮಿಕ್ಕವರೆಲ್ಲ ನಿವೃತ್ತರಾಗಿ ಇವಳೊಬ್ಬಳು ಉಳಿದಿದ್ದಳು.

ಅವಳು ಕೆಲಸ ಮಾಡುವ ಕ್ರಮ ನೋಡಿದರೆ ಅವಳೆಲ್ಲಿಂದ ಬಂದವಳು ಎಂದು ಹೇಳಬಹುದಿತ್ತು. ಯಾರನ್ನೂ ಹಿಂದಿನಿಂದ ಬಂದು ಮುಟ್ಟುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಹೆಸರು ಕರೆದು, ಪಕ್ಕದಿಂದ ಬಂದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಮುಟ್ಟುತ್ತಿದ್ದಳು. ಮೊದಲು ದನಿ, ಆಮೇಲೆ ಕೈ. ಬೇರೆಯವರನ್ನು ಪರಚುತ್ತಿದ್ದ ಮುದುಕಿಯರೂ ಅವಳ ಕೈಗೆ ಸುಮ್ಮನೆ ತೋಳು ಕೊಡುತ್ತಿದ್ದರು. ಆದರೆ ಹಸುಗಳ ಮಾತೆತ್ತಿದರೆ ಮುಗಿಯಿತು. ಒಮ್ಮೆ ನಾನೇ ಕೆದಕಿದೆ. "ಮಾರಿದ್ವಿ" ಎಂದವಳು ಹಾಸಿಗೆಯ ಬಟ್ಟೆ ಎತ್ತಿಕೊಂಡು ಹೋಗಿಬಿಟ್ಟಳು.

ಹೀಗಿರುವಾಗ ವಿಯೆನೋ ಅಜ್ಜಿ ಬಂದಳು. ಬದುಕಿಡೀ ಹಸು ಸಾಕಿದ ದೊಡ್ಡ ಮನೆಯ ಯಜಮಾನ್ತಿ. ಗಂಡ ಇಲ್ಲ, ಮಕ್ಕಳಾಗಲಿಲ್ಲ, ಈಗ ಮರೆವು. ಅವಳಿಗೆ ಉಳಿದದ್ದು ತಂಗಿ ಲೆಂಪಿ ಒಬ್ಬಳೇ. ಲೆಂಪಿ ಅಜ್ಜಿಯ ಮನೆ ನಮ್ಮ ರಸ್ತೆಯ ಕೊನೆಯಲ್ಲೇ. ಬೆಳಗಿನ ಕಾಫಿಯ ಹೊತ್ತಿಗೆ ಕಾಲಿನಿಂದ ಒದ್ದು ಓಡಿಸುವ ಹಿಮಬಂಡಿಯ ಮೇಲೆ ಆ ಮುದುಕಿ ಸರ್ರನೆ ಬರುವುದನ್ನು ನೋಡಬೇಕಿತ್ತು, ಹದಿನಾರರ ಹುಡುಗಿಯರು ನಾಚಬೇಕು. ಅಕ್ಕತಂಗಿಯರು ಕಿಟಕಿ ಪಕ್ಕ ಕುಳಿತು, ಸಕ್ಕರೆ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿ ಕಾಫಿ ಹೀರುತ್ತಾ, ಹೆಚ್ಚು ಮಾತೂ ಇಲ್ಲದೆ ಊಟದ ತನಕ ಕಾಲ ಕಳೆಯುತ್ತಿದ್ದರು. ಅಷ್ಟು ಹೊತ್ತು ವಿಯೆನೋ ಅಜ್ಜಿಯಷ್ಟು ಒಳ್ಳೆಯವಳು ಇಲ್ಲ.

ಹೊತ್ತು ಇಳಿಯುತ್ತಿದ್ದಂತೆ ಶುರುವಾಗುತ್ತಿತ್ತು. ಅದು ಹಾಲು ಕರೆಯುವ ಹೊತ್ತು. ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು ಎದ್ದುಬಿಡುತ್ತಿದ್ದಳು.

"ಕೊಟ್ಟಿಗೆಗೆ ಹೋಗ್ಬೇಕು. ಹಸು ಕಾಯ್ತಾ ಇರ್ತವೆ."

"ಹಾಲು ಕರೆದಾಯ್ತು ವಿಯೆನೋ, ಕೂತ್ಕೊಳ್ಳಿ" ಎಂದು ನರ್ಸುಗಳು ಹೇಳುವರು. ಇಂಥ ಮನೆಗಳಲ್ಲಿ ಎಲ್ಲರೂ ಹೇಳುವ ಸುಳ್ಳು ಅದು, ಸಾಮಾನ್ಯವಾಗಿ ನಡೆಯುತ್ತದೆ. ಈ ಅಜ್ಜಿಯ ಹತ್ತಿರ ನಡೆಯಲಿಲ್ಲ. ಹೇಳಿದವಳ ತೋಳು ಹಿಡಿದು, ಮೂಗಿಗೆ ಹಚ್ಚಿ ಮೂಸಿ ನೋಡುವಳು.

"ನೀನು ಕರ್ದಿದ್ದಾ? ಸೋಪಿನ ವಾಸ್ನೆ ಹೊಡೀತಿದೀಯಲ್ಲೇ. ಕೊಟ್ಟಿಗೆ ಕಡೆ ತಲೆ ಹಾಕಿ ಮಲಗಿದವಳೂ ಅಲ್ಲ ನೀನು. ಸುಳ್ಳಿ!"

ನಮ್ಮದು ಬೀಗ ಹಾಕಿಡುವ ಮನೆಯಲ್ಲ. ಹಗಲು ಬಾಗಿಲು ತೆರೆದೇ ಇರುತ್ತದೆ, ಬಾಡಿಗೆ ಕೊಟ್ಟು ಇರುವವರ ಸ್ವಂತ ಮನೆ ಅದು. ಆ ಚಳಿಗಾಲದಲ್ಲಿ ಅಜ್ಜಿ ಎರಡು ಸಲ ಮೆತ್ತನೆ ಚಪ್ಪಲಿಯಲ್ಲೇ ಹಿಮಕ್ಕೆ ಇಳಿದು ಹೋದಳು. ಒಮ್ಮೆ ಅಂಗಡಿಯ ಹಿಂದೆ ಸಿಕ್ಕಳು, ಒಮ್ಮೆ ಚರ್ಚಿನ ಗೇಟಿನ ಹತ್ತಿರ. ಆಗ ನಮ್ಮ ಮೇಲಿನವಳು ಪಿಯಾ ಎಲ್ಲರನ್ನೂ ಕರೆದಳು. ಪಿಯಾ ಕೆಟ್ಟವಳಲ್ಲ, ಏನಾದರೂ ಆದರೆ ಅವಳ ಕುತ್ತಿಗೆಗೇ ಬರುವುದು.

"ಇನ್ನೊಂದ್ಸಲ ಹೊರಗೆ ಹೋದ್ರೆ ನನ್ ಕೈಲಿ ಇಟ್ಕೊಳ್ಳಕ್ಕಾಗಲ್ಲ. ಕುಓಪಿಯೋದಲ್ಲಿ ಬೀಗ ಇರೋ ವಾರ್ಡಿದೆ, ಅಲ್ಲಿಗೇ ಕಳಿಸ್ಬೇಕಾಗತ್ತೆ" ಎಂದಳು.

ಕುಓಪಿಯೋ ಬಸ್ಸಿನಲ್ಲಿ ಹೋಗುವ ದೂರ. ಲೆಂಪಿ ಅಜ್ಜಿ ಬಸ್ಸು ಹತ್ತುವ ಸ್ಥಿತಿಯಲ್ಲಿ ಇರಲಿಲ್ಲ. ಹಿಮಬಂಡಿ ಒದೆಯುವ ಕಾಲಿಗೆ ಬಸ್ಸಿನ ಮೆಟ್ಟಿಲು ಆಗುತ್ತಿರಲಿಲ್ಲ. ಅಂದರೆ ಅಕ್ಕನನ್ನು ಕಳಿಸಿದರೆ ಆ ಇಬ್ಬರೂ ಇನ್ನು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇದು ನಮಗೆಲ್ಲರಿಗೂ ಗೊತ್ತಿತ್ತು. ಪಿಯಾ ಇರ್ಮೆಲಿಯ ಕಡೆ ತಿರುಗಿದಳು.

"ಹಸು ಕಟ್ಟಿದವಳು ನೀನೊಬ್ಳೇ. ನೀನು ಹೇಳಿದ್ರೆ ಅಜ್ಜಿ ನಂಬ್ತಾರೆ. ಯಾವ ಹಸು ಎಷ್ಟು ಕೊಡ್ತು, ಯಾವುದು ಒದೀತು, ಅಂತ ಎರಡು ಮಾತು ಸೇರಿಸಿ ಹೇಳು, ಸಾಕು."

"ಕರೀದೇ ಇರೋ ಹಾಲನ್ನ ಕರ್ದೆ ಅಂತ ನಾನು ಹೇಳಲ್ಲ" ಎಂದಳು ಇರ್ಮೆಲಿ.

ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಬಟ್ಟೆಯ ಕೋಣೆಯಲ್ಲಿ ಅವಳನ್ನು ಹಿಡಿದುಕೊಂಡೆ.

"ನಿನ್ ಸತ್ಯಾನ ಉಪ್ಪಿನಕಾಯಿ ಹಾಕ್ಕೊಂಡು ನೆಕ್ಕು! ನಿನ್ನ ಒಂದು ಮಾತಿಗೆ ಎರಡು ಮುದುಕೀರು ಬೇರೆ ಬೇರೆ ಸಾಯ್ತಾರೆ, ಗೊತ್ತಾ?"

"ಗೊತ್ತು" ಎಂದಳು, ಹಾಸಿಗೆಯ ಬಟ್ಟೆ ಮಡಿಸುತ್ತಲೇ.

"ಗೊತ್ತಿದ್ದೂ ಹಿಂಗಾಡ್ತೀಯಾ?"

"ಒಂದ್ಸಲ ಸುಳ್ಳು ಹೇಳಿದ್ದೆ ಕೈಸು. ಸಾಕಾಗೋಯ್ತು."

"ಯಾರಿಗೆ ಹೇಳಿದ್ದೆ?"

ಅವಳು ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಎಳೆದು ಹಿಡಿ" ಎಂದಳು. ಅಷ್ಟೇ.

ಅವಳಿಂದ ಆಗದಿದ್ದರೆ ನನ್ನಿಂದ ಆಗಲಿ ಎಂದುಕೊಂಡೆ. ನನ್ನ ಚಿಕ್ಕಪ್ಪನ ಮಗ ಇನ್ನೂ ಹಸು ಕಟ್ಟಿದ್ದಾನೆ. ಅವನ ಕೊಟ್ಟಿಗೆಯಲ್ಲಿ ನೇತುಹಾಕಿದ್ದ ಹಳೆಯ ಕೋಟು ಇಸಿದುಕೊಂಡು ಬಂದೆ. ಸಗಣಿ, ಹಳಸಿದ ಹಾಲು, ಹುಳಿ ಬಂದ ಹುಲ್ಲು, ಎಲ್ಲ ಸೇರಿದ ವಾಸನೆ. ಅದನ್ನು ತೊಟ್ಟು ಅಜ್ಜಿಯ ಮುಂದೆ ನಿಂತು "ಕರೆದಾಯ್ತು ಯಜಮಾನ್ತೀ" ಎಂದೆ. ಅಜ್ಜಿ ತೋಳಿನಲ್ಲಿ ಮೂಗಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡಳು. "ಹೂಂ. ಈಗ ಸರಿ" ಎಂದು ಕುಳಿತೇಬಿಟ್ಟಳು! ನಾನು ಗೆದ್ದೆ ಎಂದು ಬೀಗಿದೆ. ಇರ್ಮೆಲಿ ಕೋಟನ್ನು ನೋಡಿ, "ಯಾರ ಹಸು?" ಎಂದಳು.

"ಚಿಕ್ಕಪ್ಪನ ಮಗಂದು."

"ಹಂಗಾದ್ರೆ ಕರ್ದಿದ್ದು ಅವನು. ನೀನಲ್ಲ."

ನಾನು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದೆ. ಕೆಲವು ಸಂಜೆ ಚೆನ್ನಾಗಿಯೇ ನಡೆಯಿತು. ಕೋಟು ತಂದದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅದು ಬೇಕಾದ್ದಕ್ಕಿಂತ ಹೆಚ್ಚು ಸರಿಯಾದ ಕೋಟಾಗಿತ್ತು, ಅದೇ ಎಡವಟ್ಟಾಯಿತು. ಒಂದು ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಜ್ಜಿ ಗೂಟದಿಂದ ಅದನ್ನು ತಾನೇ ತೆಗೆದು, ತಾನೇ ತೊಟ್ಟು, ಬಾಗಿಲ ಕಡೆ ನಡೆದಳು. ಯಾರನ್ನೋ ನೋಡಲು ಬಂದಿದ್ದ ಗಂಡಸೊಬ್ಬ, ಕೋಟು ನೋಡಿ, ಸಂಜೆಯ ಕೊಟ್ಟಿಗೆ ಕೆಲಸಕ್ಕೆ ಮನೆಗೆ ಹೊರಟ ಹೆಂಗಸು ಎಂದುಕೊಂಡು ಬಾಗಿಲು ಹಿಡಿದುಕೊಂಡು ದಾರಿ ಬಿಟ್ಟನಂತೆ. "ಜಾರತ್ತೆ ಹುಷಾರು" ಎಂದೂ ಹೇಳಿದನಂತೆ. ರಸ್ತೆಯಲ್ಲಿ ನಾಯಿ ತಿರುಗಾಡಿಸುತ್ತಿದ್ದವರು ನೋಡಿದರು, ಅಂಗಡಿಯ ಮುಂದಿದ್ದವರು ನೋಡಿದರು. ಹಿಮದಲ್ಲಿ ಮನೆಯ ಚಪ್ಪಲಿ ಹಾಕಿಕೊಂಡು ಮುದುಕಿಯೊಬ್ಬಳು ಊರಾಚೆ ನಡೆಯುತ್ತಿದ್ದಾಳೆ, ಒಬ್ಬರಾದರೂ ಕೇಳಬಾರದೇ? ನಮ್ಮವರು ಕೇಳುವುದಿಲ್ಲ. ಇನ್ನೊಬ್ಬರ ದಾರಿಗೆ ಅಡ್ಡ ಬಂದು ಎಲ್ಲಿಗೆ, ಯಾಕೆ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಈ ಮರ್ಯಾದೆಗೆ ವರ್ಷಕ್ಕೆ ಎಷ್ಟು ಜನ ಬಲಿಯಾಗುತ್ತಾರೋ ದೇವರೇ ಬಲ್ಲ.

ಗೂಟ ಖಾಲಿ ಇದ್ದದ್ದು ಕಂಡು ಪಾತ್ರೆಗಳನ್ನು ಅಲ್ಲೇ ಬಿಟ್ಟೆ. ಟಾರ್ಚು ಹಿಡಿದು ಹೆಜ್ಜೆ ಗುರುತಿನ ಹಿಂದೆ ಓಡಿದೆ. ಊರು ಮುಗಿಯುವಲ್ಲಿ ರಸ್ತೆ ಬದಿ ಒಂದು ಹಳೆಯ ಹಾಲಿನ ಕಟ್ಟೆ ಇದೆ. ಹಿಂದೆ ರೈತರು ಹಾಲಿನ ಕ್ಯಾನುಗಳನ್ನು ತಂದಿಡುತ್ತಿದ್ದ ಮರದ ಕಟ್ಟೆ. ಅದರ ಪಕ್ಕ ಕಾರೊಂದು ದೀಪ ಉರಿಸಿಕೊಂಡು ನಿಂತಿತ್ತು, ಇರ್ಮೆಲಿಯದು. ಸಂಜೆ ಪಾಳಿಗೆ ಬರುತ್ತಿದ್ದವಳು ಕಂಡು ನಿಲ್ಲಿಸಿದ್ದಳು. ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ಇರ್ಮೆಲಿ ಹಿಮದಲ್ಲಿ ಮಂಡಿಯೂರಿ ಅಜ್ಜಿಯ ಎರಡೂ ಪಾದಗಳನ್ನು ತನ್ನ ಸ್ವೆಟರಿನೊಳಗೆ ಹೊಟ್ಟೆಗೆ ಅವುಚಿಕೊಂಡಿದ್ದಳು.

"ಏಳಲ್ಲ ನಾನು. ಹಸು ಒರಲ್ತಾ ಇರ್ತವೆ. ಕರೆದಾಯ್ತಾ ಇಲ್ವಾ, ಅದನ್ನ ಹೇಳು ಮೊದ್ಲು" ಎನ್ನುತ್ತಿದ್ದಳು ಅಜ್ಜಿ.

ಹೇಳೇ, ಹಾಳಾದವಳೇ, ಒಂದು ಸಲ ಹೇಳಿಬಿಡೇ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅಜ್ಜಿಯ ತುಟಿ ನೀಲಿಯಾಗಿತ್ತು.

"ನಿಮ್ಮ ಹಸು ವಿಷ್ಯ ನಂಗೊತ್ತಿಲ್ಲ ಯಜಮಾನ್ತಿ" ಎಂದಳು ಇರ್ಮೆಲಿ. "ನನ್ನವು ಹೋದ್ವು."

ಅಜ್ಜಿ ಬಗ್ಗಿ ಅವಳ ಮುಖ ನೋಡಿದಳು. "ಎಲ್ಲಿಗೋದ್ವು?"

"ಲಾರಿ ಬಂದಿತ್ತು. ಕಟುಕರ ಲಾರಿ. ಎಲ್ಲಾನೂ ಹತ್ತಿದ್ವು. ಹೆಲುನಾ ಒಬ್ಳು ಹತ್ತಲಿಲ್ಲ. ಹಲಗೆ ಮುಂದೆ ಕಾಲೂರಿ ನಿಂತ್ಬಿಟ್ಲು. ಲಾರಿಯೋನು ಕೋಲು ತಗೊಂಡ. ಹೊಡೀಬೇಡ ಅಂತ ನಾನೇ ಮುಂದೆ ಹತ್ತಿದೆ."

"ಆಮೇಲೆ?"

"ಬೇಸಿಗೆ ಮೇವಿಗೆ ಬಿಡೋ ಕಾಲ ಅದು. ಚಳಿಗಾಲವೆಲ್ಲ ಒಳಗೇ ಇದ್ದವಲ್ಲ, ಕಾಯ್ತಿದ್ವು. ಬಾರೇ ಹೆಲುನಾ, ಹುಲ್ಲುಗಾವಲಿಗೆ ಹೋಗೋಣ ಅಂದೆ." ಇರ್ಮೆಲಿ ಅಜ್ಜಿಯ ಪಾದಗಳನ್ನು ಇನ್ನಷ್ಟು ಒತ್ತಿ ಹಿಡಿದಳು. "ನನ್ನ ನಂಬಿ ಹತ್ತಿಬಿಟ್ಲು."

ನಾನು ಟಾರ್ಚು ಆರಿಸಿದೆ. ಯಾಕೆ ಆರಿಸಿದೆನೋ ತಿಳಿಯದು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವಳ ಬಗ್ಗೆ ಎಷ್ಟು ಕಡಿಮೆ ತಿಳಿದಿದ್ದೆ ಎನಿಸಿತು.

ಅಜ್ಜಿ ಕೇಳಿದಳು: "ಅವತ್ತು ಬೆಳಿಗ್ಗೆ ಕರ್ದಿದ್ಯಾ?"

"ಕರ್ದೆ. ಆ ಹಾಲು ಯಾರಿಗೂ ಬೇಕಿರ್ಲಿಲ್ಲ. ಕಾಲುವೆಗೆ ಸುರಿದೆ."

"ಆದ್ರೂ ಕರ್ದೆ."

"ಕೆಚ್ಚಲು ತುಂಬಿತ್ತಲ್ಲ. ನೋಯತ್ತೆ ಅವಕ್ಕೆ."

"ಹಂಗಾದ್ರೆ ನೀನು ಸರಿಯಾದ ಯಜಮಾನ್ತೀನೇ" ಎಂದಳು ಅಜ್ಜಿ. ಕೈ ಚಾಚಿ ಇರ್ಮೆಲಿಯ ಟೋಪಿಯನ್ನು ಕಿವಿಯ ಮೇಲೆ ಎಳೆದು ಮುಚ್ಚಿದಳು. "ಹಸು ಇಲ್ದವಳಿಗೆ ಸಂಜೆ ಕೆಲ್ಸ ಏನಿರತ್ತೆ? ಏಳು, ಮಂಡಿ ಸೆಳೆತ ಹಿಡಿಯತ್ತೆ. ನಡಿ, ಕಾಫಿ ಕುಡಿಯೋಣ."

ತಾನಾಗಿಯೇ ಎದ್ದು ಕಾರಿನಲ್ಲಿ ಕುಳಿತಳು.

ದಾರಿಯಲ್ಲಿ ನಾನು ಇರ್ಮೆಲಿಯ ಭುಜ ಹಿಡಿದು ಹೇಳಿದೆ: "ನೋಡಿದ್ದು ನಾವಿಬ್ರೇ. ಬಾಯಿ ಮುಚ್ಕೊಂಡಿರು." ಹೇಳಿ ಏನು ಬಂತು? ಅಜ್ಜಿಯ ಕಾಲನ್ನು ಬೆಚ್ಚನೆ ನೀರಿನಲ್ಲಿಟ್ಟವಳೇ ನೇರ ಪಿಯಾಳ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ನಾನೂ ಹಿಂದೆಯೇ ನುಗ್ಗಿದೆ, ಕೋಟು ನನ್ನದಲ್ಲವೇ. ಪಿಯಾ ತಲೆಯ ಮೇಲೆ ಕೈ ಹೊತ್ತು ಕುಳಿತಳು.

"ನಾನು ಹೇಳಿದ್ದೆ. ಇನ್ನೊಂದ್ಸಲ ಆದ್ರೆ ಅಂತ."

"ಹೂಂ, ನೀನು ಹೇಳಿದ್ದೆ" ಎಂದಳು ಇರ್ಮೆಲಿ. "ಆ ಹೊತ್ತನ್ನ ನಂಗೆ ಕೊಡು. ದಿನಾ ಸಂಜೆ ಆ ಹೊತ್ತಲ್ಲಿ ನಾನು ಅವರ ಹತ್ರ ಕೂರ್ತೀನಿ. ರಜಾ ದಿನಾನೂ ಬರ್ತೀನಿ."

"ಕೂತು ಏನ್ ಮಾಡ್ತೀಯಾ? ಸುಳ್ಳಂತೂ ಹೇಳಲ್ಲ ನೀನು."

"ಇವತ್ತು ಹೇಳಿದ್ದನ್ನೇ ಹೇಳ್ತೀನಿ."

ಪಿಯಾ ಅವಳನ್ನೂ ನನ್ನನ್ನೂ ನೋಡಿದಳು. ಕುಓಪಿಯೋಗೆ ಬರೆಯುವುದನ್ನು ಸದ್ಯಕ್ಕೆ ತಡೆದಿಟ್ಟಳು. ಆದರೆ ಇನ್ನು ಒಂದೇ ಒಂದು ಸಲ ಎಂದು ಬೆರಳು ತೋರಿಸಿದಳು.

ಅಂದಿನಿಂದ ಅದೇ ನಡೆಯಿತು. ಹೊತ್ತಿಳಿದರೆ ಅಜ್ಜಿ ತಲೆಗೆ ಬಟ್ಟೆ ಕಟ್ಟಿ ಏಳುವಳು, "ಹಾಲು ಕರೆದಾಯ್ತಾ?" ಎನ್ನುವಳು. ಇರ್ಮೆಲಿ ಕುರ್ಚಿ ಎಳೆದುಕೊಂಡು ಕುಳಿತು, ಮೊದಲಿನಿಂದ ಲಾರಿ, ಹಲಗೆ, ಹೆಲುನಾ ಎಂದು ಹೇಳುವಳು. ಅಜ್ಜಿ ಮರೆತವಳು, ಪ್ರತಿ ಸಲವೂ ಹೊಸದಾಗಿ ಕೇಳಿದಂತೆ "ಆಮೇಲೆ?" ಎನ್ನುವಳು, "ಬೆಳಿಗ್ಗೆ ಕರ್ದಿದ್ಯಾ?" ಎನ್ನುವಳು, ಆಮೇಲೆ ಇಬ್ಬರೂ ಕಾಫಿ ಕುಡಿಯುವರು. ಇಪ್ಪತ್ತು ವರ್ಷ ಬಾಯಿ ಬಿಡದವಳು ದಿನಾ ಅದನ್ನೇ ಅಗೆದು ತೆಗೆಯಬೇಕಲ್ಲ, ಇದ್ಯಾವ ಕರ್ಮ ಎಂದು ನನಗೆ ಸಂಕಟವಾಗುತ್ತಿತ್ತು. ಕಾಫಿ ಕೊಟ್ಟು ಬರುವಾಗ ಅವಳ ಮುಖ ನೋಡುತ್ತಿರಲಿಲ್ಲ. ಅಜ್ಜಿ ಮಾತ್ರ ಮತ್ತೆ ಹೊಸಿಲು ದಾಟಲಿಲ್ಲ. ಲೆಂಪಿ ಅಜ್ಜಿ ಬೆಳಿಗ್ಗೆ ಬೆಳಿಗ್ಗೆ ಬಂಡಿ ಒದ್ದುಕೊಂಡು ಬರುತ್ತಲೇ ಇದ್ದಳು.

ಹಿಮ ಕರಗುವ ಹೊತ್ತಿಗೆ ಇರ್ಮೆಲಿಗೆ ಜ್ವರ ಬಂತು. ಮುದುಕರ ಮನೆಗೆ ಜ್ವರ ಹೊತ್ತು ಬರುವಂತಿಲ್ಲ. ಅವಳು ಫೋನಿನಲ್ಲಿ, "ಇವತ್ತು ನೀನು ಹೋಗಿ ಕೂತ್ಕೋ ಕೈಸು. ಕೋಟು ಹಾಕ್ಕೋಬೇಡ. ಇದ್ದದ್ದು ಹೇಳು" ಎಂದಳು. ಸುಳ್ಳಾಗಿದ್ದರೆ ಹತ್ತು ಹೇಳುತ್ತಿದ್ದೆ. ಇದನ್ನು ಮಾತ್ರ ಅಡುಗೆಮನೆಯಲ್ಲೇ ಎರಡು ಸಲ ಬಾಯಿಪಾಠ ಮಾಡಿಕೊಂಡು ಹೋದೆ.

ಅಜ್ಜಿ ಆಗಲೇ ತಲೆಗೆ ಬಟ್ಟೆ ಕಟ್ಟಿ ನಿಂತಿದ್ದಳು. "ಆ ಹುಡುಗಿ ಎಲ್ಲಿ?" ಎಂದಳು.

"ಇರ್ಮೆಲಿಗೆ ಜ್ವರ ಯಜಮಾನ್ತಿ. ನಾನೇ ಹೇಳ್ತೀನಿ. ಅವಳ ಹಸುಗಳು ಇದ್ವಲ್ಲ, ಒಂದಿನ ಲಾರಿ ಬಂತು..."

"ಗೊತ್ತು ಗೊತ್ತು" ಎಂದು ಅಜ್ಜಿ ಕೈ ಬೀಸಿದಳು. "ಹೆಲುನಾ ಹತ್ತಲಿಲ್ಲ. ಇವಳು ಮುಂದೆ ಹತ್ತಿದ್ಲು."

ನನ್ನನ್ನು ಆ ಅಜ್ಜಿ ಅವತ್ತೂ ಲೆಂಪಿ ಎಂದೇ ಕರೆಯುತ್ತಿದ್ದಳು. ಬೆಳಿಗ್ಗೆ ಗಂಜಿ ಉಂಡದ್ದೂ ಅವಳಿಗೆ ನೆನಪಿರಲಿಲ್ಲ.

"ಗೊತ್ತಿದ್ದೂ ದಿನಾ ಕೇಳ್ತೀರಲ್ಲ?" ಎಂದೆ.

"ಕೇಳ್ದೆ ಇದ್ರೆ ಹೇಳ್ತಾಳಾ ಅವಳು?" ಅಜ್ಜಿ ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟು ಕುಳಿತುಕೊಂಡಳು. "ದಿನಾ ಹೊತ್ತಿಗೆ ಸರಿಯಾಗಿ ಬರ್ತಾಳೆ ಪಾಪ. ಕರೀದೆ ಬಿಟ್ರೆ ಕೆಚ್ಚಲು ಬಾವು ಬರತ್ತೆ ಲೆಂಪಿ, ನಿಂಗೊತ್ತಿಲ್ವಾ? ಅವಳ ಮುಂದೆ ಅಂದ್ಬಿಟ್ಟೀಯ ಮತ್ತೆ."

ನಾನು ಅನ್ನಲಿಲ್ಲ. ಜ್ವರ ಬಿಟ್ಟು ಇರ್ಮೆಲಿ ಬಂದ ಸಂಜೆ ಅಜ್ಜಿ ತಲೆಗೆ ಬಟ್ಟೆ ಕಟ್ಟಿ ನಿಂತು, "ಹಾಲು ಕರೆದಾಯ್ತಾ?" ಎಂದಳು. ಇರ್ಮೆಲಿ ಕುರ್ಚಿ ಎಳೆದುಕೊಂಡಳು. ನಾನು ಕಾಫಿ ಇಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ.